ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕೆಲವು ವರ್ಷಗಳ ಹಿಂದೆ ಅಕ್ಕನ ಮಗನ ಒತ್ತಾಯಕ್ಕೆ ಕಟ್ಟುಬಿದ್ದು ನಾನೊಂದು ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಕ್ಕೆ ಕಾಲಿಟ್ಟಿದ್ದೆ. ಒಂದು ಹೆಸರು, ಒಂದು ವೇಷ, ಒಂದು ಮೊಂಡು ಕತ್ತಿ ಸಿಕ್ಕಿದವು. ಅರ್ಧ ಗಂಟೆ ಕಾಡಿನಲ್ಲಿ ಕಟ್ಟಿಗೆ ಕಡಿದು, ಅದನ್ನು ಮಾರಲೆಂದು ಪಟ್ಟಣದ ಹಾದಿ ಹಿಡಿದೆ. ಎದುರಿನಿಂದ ಬಂದ ಕವಚಧಾರಿಯೊಬ್ಬ ಎರಡೇ ಏಟಿಗೆ ನನ್ನನ್ನು ಉರುಳಿಸಿದ. ನನ್ನ ಕಟ್ಟಿಗೆಯನ್ನು ಆತ ಮುಟ್ಟಲೂ ಇಲ್ಲ. ಅದು ಅವನಿಗೆ ಬೇಕಾಗಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹುಡುಗ ನಗುತ್ತಾ, 'ಕಲಿತ್ಕೊಳ್ತೀರಿ ಮಾಮ, ಮೊದಮೊದಲು ಎಲ್ಲರಿಗೂ ಹೀಗೇ ಆಗಿರುತ್ತೆ' ಎಂದ.

ಸಮಾಧಾನಕ್ಕೆಂದು ಆಡಿದ ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. 'ಎಲ್ಲರಿಗೂ' ಎಂದರೆ ಯಾರಿಗೆ? ಆಟದಲ್ಲಿ ಈಗಲೂ ಇರುವವರಿಗೆ. ಏಟು ತಿಂದು ಎದ್ದುಹೋದವರು ಮರಳಿ ಬಂದು ಸಾಕ್ಷ್ಯ ನುಡಿಯುವುದಿಲ್ಲ. ನಾನೂ ಮೂರನೆಯ ದಿನ ಎದ್ದುಬಂದವನೇ. ಏಕೆ ಬಿಟ್ಟೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಂತಹ ಆಟಗಳಲ್ಲಿ ಕಾಳಗದ ಸಮತೋಲನ ಹೇಗಿರಬೇಕು, ಹೊಸಬರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಬಗ್ಗೆ ಆಟಗಾರರ ನಡುವೆ ಕಾಲು ಶತಮಾನಕ್ಕೂ ಮಿಕ್ಕಿದ ವಾಗ್ವಾದವೊಂದು ನಡೆದುಕೊಂಡು ಬಂದಿದೆ. ಅದನ್ನು ಸ್ವಲ್ಪ ಆಸಕ್ತಿಯಿಂದ ಗಮನಿಸುತ್ತ ಬಂದಿರುವ ನನಗೆ, ಅದರ ತಿರುಳು ಕತ್ತಿಯ ಹರಿತಕ್ಕೆ ಸಂಬಂಧಿಸಿದ್ದಲ್ಲ, ಯಾರ ಮಾತು ಕೇಳಿಸುತ್ತದೆ ಮತ್ತು ಯಾರದು ಕೇಳಿಸುವುದಿಲ್ಲ ಎಂಬುದಕ್ಕೆ ಸಂಬಂಧಿಸಿದ್ದು ಎನಿಸಿದೆ.

ಆನ್‌ಲೈನ್ ಆಟ ಎಂದೊಡನೆ ನಮ್ಮಲ್ಲಿ ಚರ್ಚೆಯೆಲ್ಲ ಹಣದ ಸುತ್ತಲೇ ತಿರುಗುತ್ತದೆ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿದಾಗ ಸಾಲ, ವ್ಯಸನ, ತೆರಿಗೆ, ಉದ್ಯೋಗನಷ್ಟಗಳ ಬಗ್ಗೆ ನಾವು ಸಾಕಷ್ಟು ಮಾತನಾಡಿದೆವು. ಇಲ್ಲಿ ನಾನು ಹೇಳಹೊರಟಿರುವುದು ಆ ಬಗೆಯ ಆಟಗಳ ವಿಷಯವಲ್ಲ. ಇಲ್ಲಿ ಪಣಕ್ಕಿರುವುದು ಸಮಯ. ಸಾವಿರಾರು ಮಂದಿ ಒಂದೇ ಕಲ್ಪಿತ ಲೋಕದಲ್ಲಿ ತಿಂಗಳು, ವರ್ಷಗಳ ಕಾಲ ಕಸುಬು ಕಲಿತು, ಸಂಘ ಕಟ್ಟಿ, ಆಸ್ತಿ ಗಳಿಸಿ, ಯುದ್ಧ ಮಾಡುವ ಆಟಗಳಿವು. ಚದುರಂಗದಲ್ಲಿ ಪ್ರತಿ ಪಂದ್ಯವೂ ಇಬ್ಬರಿಗೂ ಹದಿನಾರು ಕಾಯಿಗಳಿಂದಲೇ ಶುರುವಾಗುತ್ತದೆ. ಇಲ್ಲಿ ನಿನ್ನೆ ಗೆದ್ದವನು ಇಂದು ಎರಡು ಆನೆ ಹೆಚ್ಚಿಗೆ ಇಟ್ಟುಕೊಂಡು ಕೂರುತ್ತಾನೆ. ಹತ್ತು ವರ್ಷ ಆಡಿದವನೂ ನಿನ್ನೆ ಬಂದವನೂ ಒಂದೇ ಮಣೆಯ ಮೇಲೆ ಎದುರುಬದುರಾಗುತ್ತಾರೆ. ಸಮಸ್ಯೆಯ ಬೇರು ಇಲ್ಲಿದೆ.

'ಸಮತೋಲನ' ಎಂಬ ಪದವನ್ನು ಆಟಗಾರರು ದಿನಬೆಳಗಾದರೆ ಬಳಸುತ್ತಾರೆ. ಆದರೆ ಒಬ್ಬೊಬ್ಬರ ಬಾಯಲ್ಲಿ ಅದಕ್ಕೆ ಒಂದೊಂದು ಅರ್ಥ. ಯೋಧ, ಮಾಂತ್ರಿಕ, ಬಿಲ್ಲುಗಾರ, ಗಾಯ ಮಾಯಿಸುವವನು ಹೀಗೆ ಯಾವ ಪಾತ್ರ ಆರಿಸಿಕೊಂಡರೂ ಇಬ್ಬರ ನಡುವಿನ ಕಾಳಗದಲ್ಲಿ ಗೆಲ್ಲುವ ಅವಕಾಶ ಸಮನಾಗಿರಬೇಕು ಎನ್ನುವವರು ಕೆಲವರು. ದ್ವಂದ್ವಯುದ್ಧ ಮುಖ್ಯವಲ್ಲ, ಗುಂಪಿನಲ್ಲಿ ಪ್ರತಿಯೊಬ್ಬನಿಗೂ ಕೆಲಸವಿದ್ದರೆ ಸಾಕು ಎನ್ನುವವರು ಇನ್ನು ಕೆಲವರು. ಹೆಚ್ಚು ಕಾಲ ಆಡಿದವನಿಗೆ ಹೆಚ್ಚು ಬಲವಿರುವುದೇ ನ್ಯಾಯ, ಇಲ್ಲವಾದರೆ ದುಡಿಮೆಗೆ ಬೆಲೆಯೆಲ್ಲಿ ಎಂಬುದು ಮೂರನೆಯ ವಾದ. ಮೂರರಲ್ಲೂ ಹುರುಳಿದೆ, ಮೂರೂ ಒಟ್ಟಿಗೆ ಈಡೇರುವುದು ಮಾತ್ರ ಕಷ್ಟ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಮರೆಯಲ್ಲಿ ಅಡಗಿದ್ದು ಹಿಂದಿನಿಂದ ಇರಿಯುವ ಪಾತ್ರವನ್ನೇ ತೆಗೆದುಕೊಳ್ಳಿ. ನುರಿತ ಆಟಗಾರನಿಗೆ ಇದು ದೊಡ್ಡ ಭಯವಲ್ಲ. ಎಲ್ಲಿ ಅಡಗಿರಬಹುದೆಂದು ಊಹಿಸಬಲ್ಲ, ಮೊದಲ ಇರಿತವನ್ನು ತಾಳಿಕೊಳ್ಳುವ ಉಪಾಯ ಬಲ್ಲ. ಹೊಸಬನಿಗೆ ಅದೇ ಪಾತ್ರ ಸಾಕ್ಷಾತ್ ಯಮ. ಈ ಪಾತ್ರದ ಬಲವನ್ನು ಕುಗ್ಗಿಸಿದರೆ ನುರಿತವರ ನಡುವೆ ಅದು ಕೆಲಸಕ್ಕೆ ಬಾರದಂತಾಗುತ್ತದೆ. ಕುಗ್ಗಿಸದಿದ್ದರೆ ಹೊಸಬರು ಓಡಿಹೋಗುತ್ತಾರೆ. ಸಂಖ್ಯೆ ಒಂದೇ, ಅನುಭವ ಎರಡು. 'ಸಮತೋಲನ ಸರಿಯಾಗಿದೆ' ಎಂದು ಯಾರಾದರೂ ಹೇಳಿದಾಗ 'ಯಾರಿಗೆ' ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ.

ಈ ವಾಗ್ವಾದದ ದೊಡ್ಡ ಪ್ರಯೋಗ ನಡೆದದ್ದು 'ಅಲ್ಟಿಮಾ ಆನ್‌ಲೈನ್' ಎಂಬ ಆಟದಲ್ಲಿ. 1997ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಒರಿಜಿನ್ ಸಿಸ್ಟಮ್ಸ್ ಹೊರತಂದ ಈ ಆಟದಲ್ಲಿ ಪಟ್ಟಣಗಳಿಗೆ ಕಾವಲುಗಾರರಿದ್ದರು. ಗಡಿ ದಾಟಿದರೆ ಯಾರು ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು, ಹೆಣದ ಮೇಲಿನ ಸರಕನ್ನು ದೋಚಬಹುದಿತ್ತು. ಮುಖ್ಯ ವಿನ್ಯಾಸಕಾರ ರಾಫ್ ಕೋಸ್ಟರ್ ಅವರ ನಂಬಿಕೆ ಉದಾತ್ತವಾದುದೇ ಆಗಿತ್ತು: ಜನ ಒಟ್ಟಾಗಿ ತಮ್ಮ ಸಮಾಜವನ್ನು ತಾವೇ ಕಟ್ಟಿಕೊಳ್ಳುತ್ತಾರೆ, ದುಷ್ಟರನ್ನು ತಾವೇ ಶಿಕ್ಷಿಸುತ್ತಾರೆ. ಆದರೆ ನಡೆದದ್ದು ಬೇರೆ. ಕೊಲೆಗಾರರು ಸಂಘಟಿತರಾದರು, ಹೊಸಬರು ಓಡುವ ದಾರಿಗಳಲ್ಲಿ ಹೊಂಚು ಹಾಕಿದರು. ಕೊಲೆಗಳನ್ನು ಎಣಿಸುವ ವ್ಯವಸ್ಥೆ ಬಂತು, ಕೊಲೆಗಾರರ ಹೆಸರು ಕೆಂಪಕ್ಷರದಲ್ಲಿ ಕಾಣತೊಡಗಿತು, ತಲೆಗೆ ಬಹುಮಾನ ಕಟ್ಟಲಾಯಿತು. ಪ್ರತಿ ನಿಯಮಕ್ಕೂ ಅದನ್ನು ನುಣುಚಿಕೊಳ್ಳುವ ಒಂದು ಉಪಾಯ ಹುಟ್ಟಿತು. ಸ್ವಾತಂತ್ರ್ಯದ ಆ ಆದರ್ಶಕ್ಕೆ ಅತಿಯಾಗಿ ಅಂಟಿಕೊಂಡು ಆಟಗಾರರನ್ನು ಕಳೆದುಕೊಂಡೆವೆಂದು ಕೋಸ್ಟರ್ ಅವರೇ ಮುಂದೆ ಒಪ್ಪಿಕೊಂಡರು.

ಈ ನಡುವೆ 1999ರಲ್ಲಿ ಬಂದ 'ಎವರ್‌ಕ್ವೆಸ್ಟ್' ಬಹುತೇಕ ಕಡೆ ಆಟಗಾರರ ನಡುವಿನ ಕೊಲೆಗೆ ಆಸ್ಪದವನ್ನೇ ಕೊಡದೆ ಚಂದಾದಾರರ ಸಂಖ್ಯೆಯಲ್ಲಿ ಅಲ್ಟಿಮಾವನ್ನು ಹಿಂದಿಕ್ಕಿತು. 2000ದಲ್ಲಿ ಅಲ್ಟಿಮಾದ ಒಡೆಯರು ತಮ್ಮ ಲೋಕವನ್ನೇ ಎರಡು ಮಾಡಿದರು. ಹಳೆಯ ಲೋಕ ಫೆಲುಕಾ, ಅಲ್ಲಿ ಹಳೆಯ ನಿಯಮ. ಅದರ ಪಡಿಯಚ್ಚಾದ ಹೊಸ ಲೋಕ ಟ್ರಾಮೆಲ್, ಅಲ್ಲಿ ಎದುರಾಳಿಯ ಒಪ್ಪಿಗೆಯಿಲ್ಲದೆ ಕೈಯೆತ್ತುವಂತಿಲ್ಲ. ಜನ ಸಾಲುಗಟ್ಟಿ ಟ್ರಾಮೆಲ್‌ಗೆ ಹೋದರು. ಚಂದಾದಾರರ ಸಂಖ್ಯೆ ಏರುತ್ತ 2003ರ ಹೊತ್ತಿಗೆ ಎರಡೂವರೆ ಲಕ್ಷದ ಆಸುಪಾಸು ತಲುಪಿತು. ಫೆಲುಕಾ ಬಣಗುಟ್ಟಿತು. ಅಲ್ಲಿಗೆ ಜನರನ್ನು ಸೆಳೆಯಲು ಮುಂದೆ ಕಸುಬಿನ ಉತ್ಪತ್ತಿಯನ್ನು ಇಮ್ಮಡಿಗೊಳಿಸಬೇಕಾಯಿತು. ಕುರಿಗಳು ಹೋದ ಮೇಲೆ ತೋಳಗಳಿಗೂ ಅಲ್ಲಿ ಕೆಲಸವಿರಲಿಲ್ಲ.

ಆದರೆ ಕತೆ ಇಲ್ಲಿಗೇ ಮುಗಿಯಲಿಲ್ಲ. ಟ್ರಾಮೆಲ್ ಆಟವನ್ನು ಕೊಂದಿತು ಎಂದು ಇಂದಿಗೂ ನಂಬುವ ಹಳಬರಿದ್ದಾರೆ. ಅವರ ವಾದವನ್ನು ಕೇವಲ ಕೊಲೆಗಾರರ ಅಳಲು ಎಂದು ತಳ್ಳಿಹಾಕುವುದು ಸರಿಯಲ್ಲ. ಅಪಾಯವಿದ್ದಾಗ ವ್ಯಾಪಾರಿಗೆ ಬೆಂಗಾವಲು ಬೇಕಿತ್ತು, ಬೆಂಗಾವಲಿಗೆ ಸಂಘ ಬೇಕಿತ್ತು, ಸಂಘಕ್ಕೆ ಪರಸ್ಪರ ನಂಬಿಕೆ ಬೇಕಿತ್ತು. ಅಪಾಯ ಇಲ್ಲವಾದಾಗ ಈ ಸರಪಣಿಯ ಕೊಂಡಿಗಳೆಲ್ಲ ಸಡಿಲಗೊಂಡವು. ಎಲ್ಲರೂ ಸುರಕ್ಷಿತರಾದರು, ಯಾರಿಗೂ ಯಾರೂ ಬೇಡವಾದರು. ನಾನು ಓದಿದ ಮತ್ತು ಕೇಳಿದ ಹಳಬರ ನೆನಪುಗಳಲ್ಲಿ ಕೊಂದ ಹೆಮ್ಮೆಗಿಂತ ಜೊತೆಗೂಡಿ ಪಾರಾದ ನೆನಪೇ ಹೆಚ್ಚು ಸಲ ಬರುತ್ತದೆ.

ಹಾಗಾದರೆ ಆಟಗಾರರನ್ನೇ ಕೇಳಿ ತೀರ್ಮಾನಿಸಿದರೆ ಹೇಗೆ? ಅದೂ ನಡೆದಿದೆ. ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿರುವ ಜಾಗೆಕ್ಸ್ ಕಂಪೆನಿಯ 'ರೂನ್‌ಸ್ಕೇಪ್' ಆಟದ ಉತ್ತರ ಭಾಗದಲ್ಲಿ ಆಟಗಾರರು ಪರಸ್ಪರ ಕಾದಾಡಬಹುದಾದ ಒಂದು ಬೀಳುಭೂಮಿಯಿತ್ತು. ಆಟದ ನಾಣ್ಯವನ್ನು ನಿಜವಾದ ಹಣಕ್ಕೆ ಮಾರುವವರ ಹಾವಳಿಯನ್ನು ಹತ್ತಿಕ್ಕಲೆಂದು 2007ರ ಡಿಸೆಂಬರ್‌ನಲ್ಲಿ ಕಂಪೆನಿ ಅಲ್ಲಿನ ಕಾಳಗವನ್ನೇ ರದ್ದುಪಡಿಸಿತು. ಪ್ರತಿಭಟನೆ ವರ್ಷಗಟ್ಟಲೆ ಆರಲಿಲ್ಲ. 2011ರ ಜನವರಿಯಲ್ಲಿ ವಿಷಯವನ್ನು ಮತಕ್ಕೆ ಹಾಕಿದಾಗ 12 ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು, ಶೇ 91ರಷ್ಟು ಹಳೆಯ ವ್ಯವಸ್ಥೆಯ ಪರ. ಫೆಬ್ರುವರಿಯಲ್ಲಿ ಅದು ಮರಳಿತು. ಮರುವರ್ಷ, 2012ರ ನವೆಂಬರ್‌ನಲ್ಲಿ, ಕಾಳಗದ ಇಡೀ ಪದ್ಧತಿಯನ್ನು ಕಂಪೆನಿ ಆಧುನಿಕಗೊಳಿಸಹೊರಟಾಗ ಹಳಬರು ಮತ್ತೆ ಸಿಡಿದರು. 2013ರ ಫೆಬ್ರುವರಿಯಲ್ಲಿ ಮತ್ತೊಂದು ಮತದಾನ. ಸುಮಾರು ನಾಲ್ಕೂವರೆ ಲಕ್ಷ ಮತಗಳ ಬಲದಿಂದ 2007ರ ಆಗಸ್ಟ್‌ನ ಪ್ರತಿಯೊಂದನ್ನು ಕಡತದಿಂದ ತೆಗೆದು ಹಳೆಯ ಆಟವನ್ನೇ ಪ್ರತ್ಯೇಕವಾಗಿ ತೆರೆಯಲಾಯಿತು. ಅಲ್ಲಿ ಅಂದಿನಿಂದ ಪ್ರತಿ ಮುಖ್ಯ ಸೇರ್ಪಡೆಗೂ ಆಟಗಾರರ ಮತ ಬೇಕು. ಮೊದಲು ಶೇ 75ರಷ್ಟು ಬೆಂಬಲ ಅಗತ್ಯವಿತ್ತು, 2022ರಲ್ಲಿ ಅದನ್ನು ಶೇ 70ಕ್ಕೆ ಇಳಿಸಲಾಯಿತು.

ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇಲ್ಲಿ ಹಳಬರೇ ಸರಿಯಾಗಿದ್ದರು. ಹಿಂದಕ್ಕೆ ಹೋದ ಆ ಆಟ ಇಂದಿಗೂ ತುಂಬಿ ತುಳುಕುತ್ತಿದೆ. 2019ರ ಆಗಸ್ಟ್‌ನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ತನ್ನ ಹಳೆಯ ರೂಪವನ್ನು ಮರಳಿ ತೆರೆದಾಗಲೂ ಜನ ಮುಗಿಬಿದ್ದರು. ಆದ್ದರಿಂದ ಬಳಕೆದಾರನಿಗೆ ತನಗೇನು ಬೇಕೆಂದು ತಿಳಿಯದು ಎಂಬ ವಿನ್ಯಾಸಕಾರರ ಅಹಂಕಾರವನ್ನು ನಾನು ಸಮರ್ಥಿಸಲಾರೆ.

ಆದರೂ ಮತಪೆಟ್ಟಿಗೆಯ ಈ ವ್ಯವಸ್ಥೆಯಲ್ಲಿ ಒಂದು ಕಿಂಡಿಯಿದೆ. ಹಳೆಯ ರೂನ್‌ಸ್ಕೇಪ್‌ನಲ್ಲಿ ಮತ ಹಾಕಲು ಚಂದಾ ಕಟ್ಟಿರಬೇಕು, ಇಂತಿಷ್ಟು ಪರಿಣತಿಯನ್ನೂ ಗಳಿಸಿರಬೇಕು. ನಕಲಿ ಮತ ತಡೆಯಲು ಇದು ಅಗತ್ಯವೇ. ಆದರೆ ಇಂದು ಬೆಳಿಗ್ಗೆ ಬಂದವನಿಗೆ ಮತವಿಲ್ಲ. ನಿನ್ನೆ ಸಂಜೆ ಬಿಟ್ಟುಹೋದವನಿಗೆ ಅದರ ಗೊಡವೆಯಿಲ್ಲ. ನಾಳೆ ಬರಬಹುದಾದವನು ಇನ್ನೂ ಅಸ್ತಿತ್ವದಲ್ಲೇ ಇಲ್ಲ. ಹೊಸಬರ ಬದುಕನ್ನು ನಿರ್ಧರಿಸುವ ನಿಯಮಗಳಿಗೆ ಮತ ಹಾಕುವವರು ಹೊಸತನವನ್ನು ದಾಟಿ ಬಂದವರು ಮಾತ್ರ. ಅಲ್ಲೂ ಒಡಕುಗಳಿವೆ. ಪರಸ್ಪರ ಕಾಳಗವನ್ನು ಇಷ್ಟಪಡುವವರು ಅಲ್ಪಸಂಖ್ಯಾತರು. ಅವರಿಗೆ ಅನುಕೂಲವಾಗುವ ಪ್ರಸ್ತಾವಗಳನ್ನು ಉಳಿದವರು ಮತ ಹಾಕಿ ಬೀಳಿಸುತ್ತಾರೆ ಎಂಬ ದೂರು ಬಹಳ ಹಳೆಯದು. ಆಟದ ಆರೋಗ್ಯಕ್ಕೆ ಅನಿವಾರ್ಯ ಎನಿಸುವ ಬದಲಾವಣೆಗಳನ್ನು ಮತಕ್ಕೆ ಹಾಕದೆ ಜಾರಿಗೊಳಿಸುವ ಅಧಿಕಾರವನ್ನು ಕಂಪೆನಿ ತನ್ನ ಕೈಯಲ್ಲೇ ಉಳಿಸಿಕೊಂಡಿರುವುದರ ಹಿಂದೆ ಇಂತಹ ಅನುಭವಗಳಿವೆ.

ಐಸ್‌ಲ್ಯಾಂಡಿನ ಸಿಸಿಪಿ ಕಂಪೆನಿ 2003ರಲ್ಲಿ ಆರಂಭಿಸಿದ 'ಈವ್ ಆನ್‌ಲೈನ್' ಎಂಬ ಬಾಹ್ಯಾಕಾಶದ ಆಟ ಇನ್ನೊಂದು ಪಾಠ ಹೇಳುತ್ತದೆ. ನಿರ್ದಯತೆಗೆ ಹೆಸರಾದ ಆಟವಿದು. 'ಸುರಕ್ಷಿತ' ವಲಯದಲ್ಲೂ ಪೊಲೀಸ್ ಪಡೆ ದಾಳಿಯನ್ನು ತಡೆಯುವುದಿಲ್ಲ, ದಾಳಿಯಾದ ಮೇಲೆ ಬಂದು ದಾಳಿಕೋರನ ಹಡಗನ್ನು ನಾಶಮಾಡುತ್ತದೆ. ಆ ನಷ್ಟವನ್ನು ಖರ್ಚಿನ ಬಾಬ್ತಿಗೆ ಬರೆದುಕೊಂಡು ದಾಳಿಗಿಳಿಯುವವರಿಗೆ ಅಲ್ಲಿ ಕೊರತೆಯಿಲ್ಲ. 2008ರಿಂದ ಆಟಗಾರರು ಚುನಾಯಿಸಿದ ಪ್ರತಿನಿಧಿಗಳ ಮಂಡಳಿಯೊಂದು ಕಂಪೆನಿಗೆ ಸಲಹೆ ನೀಡುತ್ತದೆ. ಅಲ್ಲಿ ಮತ ಇರುವುದು ಖಾತೆಗೆ, ವ್ಯಕ್ತಿಗಲ್ಲ. ನಾಲ್ಕು ಖಾತೆ ಇಟ್ಟುಕೊಂಡ ಹಳಬನಿಗೆ ನಾಲ್ಕು ಮತ. ದೊಡ್ಡ ಒಕ್ಕೂಟಗಳು ಪಟ್ಟಿ ಹಿಡಿದು ಮತ ಹಾಕಿಸುತ್ತವೆ. ನಮ್ಮ ಸಹಕಾರ ಸಂಘಗಳ ಚುನಾವಣೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

2015ರಲ್ಲಿ ಈ ಕಂಪೆನಿ ತನ್ನ ಆಟಗಾರರ ಸಮಾವೇಶದಲ್ಲಿ ಕುತೂಹಲಕರ ಲೆಕ್ಕವೊಂದನ್ನು ಮಂಡಿಸಿತು. ಸುಮಾರು 80 ಸಾವಿರ ಹೊಸ ಆಟಗಾರರ ಮೊದಲ 15 ದಿನಗಳನ್ನು ಪರಿಶೀಲಿಸಿದಾಗ, ಸುರಕ್ಷಿತ ವಲಯದ ಅಕ್ರಮ ದಾಳಿಗೆ ಬಲಿಯಾದವರು ಶೇ 1ರ ಆಸುಪಾಸು ಮಾತ್ರ. ಬಹುಪಾಲು ಮಂದಿ ಯಾರ ಕೈಯಲ್ಲೂ ಹತರಾಗಿರಲಿಲ್ಲ. ಮಾತ್ರವಲ್ಲ, ಹತರಾದವರೇ ಆಟದಲ್ಲಿ ಹೆಚ್ಚು ಉಳಿದುಕೊಂಡಿದ್ದರು. ಹಳಬರು ಇದನ್ನು ಎತ್ತಿ ಹಿಡಿದು, ಏಟು ಹೊಸಬರಿಗೆ ಒಳ್ಳೆಯದನ್ನೇ ಮಾಡುತ್ತದೆ ಎಂದು ವಾದಿಸಿದರು. ಆದರೆ ಲೆಕ್ಕ ಹೇಳುವುದು ಅಷ್ಟನ್ನಲ್ಲ. ಹೆಚ್ಚು ಓಡಾಡಿದವನು, ಹೆಚ್ಚು ಸರಕು ಸಾಗಿಸಿದವನು, ಆಟದಲ್ಲಿ ಮೊದಲೇ ಮನಸ್ಸಿಟ್ಟವನು ದಾಳಿಗೆ ಸಿಗುವ ಸಂಭವವೂ ಹೆಚ್ಚು. ಅವನು ಉಳಿದದ್ದು ಏಟು ತಿಂದುದರಿಂದಲೋ, ಏಟು ತಿನ್ನುವಷ್ಟು ಆಸಕ್ತಿ ಮೊದಲೇ ಇದ್ದುದರಿಂದಲೋ? ಕಾಲೇಜುಗಳಲ್ಲಿ ರ‍್ಯಾಗಿಂಗ್ ಸಮರ್ಥಿಸುವವರೂ 'ನಾವೂ ಅನುಭವಿಸಿದ್ದೆವು, ಅದರಿಂದಲೇ ಗಟ್ಟಿಯಾದೆವು' ಎನ್ನುತ್ತಾರೆ. ಊರಿಗೆ ವಾಪಸ್ ಹೋದ ಹುಡುಗ ಆ ಮಾತಿಗೆ ಉತ್ತರ ಕೊಡಲು ಅಲ್ಲಿರುವುದಿಲ್ಲ.

ಆ ಲೆಕ್ಕದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಬಹುಪಾಲು ಹೊಸಬರನ್ನು ಯಾರೂ ಕೊಲ್ಲಲಿಲ್ಲ; ಅವರಲ್ಲೂ ಎಷ್ಟೋ ಮಂದಿ ಹೊರಟುಹೋದರು. ಅಂದರೆ ಹೊಸಬನನ್ನು ಓಡಿಸುವುದು ಕತ್ತಿಯೊಂದೇ ಅಲ್ಲ. ತಾನಿಲ್ಲಿ ಯಾರಿಗೂ ಬೇಕಾದವನಲ್ಲ ಎಂಬ ಭಾವವೂ ಓಡಿಸುತ್ತದೆ. ಇದೇ ಆಟ ಅದಕ್ಕೊಂದು ಉತ್ತರವನ್ನೂ ಕಂಡುಕೊಂಡಿದೆ. ಎದುರಾಳಿಯ ಬೃಹತ್ ಹಡಗು ತಪ್ಪಿಸಿಕೊಳ್ಳದಂತೆ ಹಿಡಿದು ನಿಲ್ಲಿಸುವ ಕೆಲಸವನ್ನು ಅಲ್ಲಿ ಅಗ್ಗದ, ಪುಟ್ಟ ಹಡಗು ಮಾಡಬಲ್ಲದು. ಕೆಲವೇ ದಿನಗಳ ಹೊಸಬ ಅದನ್ನು ನಡೆಸಬಲ್ಲ. ಆತ ಸಾಯಬಹುದು, ಆದರೆ ಅವನು ಹಿಡಿದು ನಿಲ್ಲಿಸಿದ್ದರಿಂದಲೇ ತಂಡ ಗೆದ್ದಿರುತ್ತದೆ. 2004ರಿಂದ ಅಲ್ಲಿ ಆಟಗಾರರೇ ನಡೆಸುವ 'ಈವ್ ಯೂನಿವರ್ಸಿಟಿ' ಹೊಸಬರಿಗೆ ಪಾಠ ಹೇಳುತ್ತಿದೆ. ದೊಡ್ಡ ಒಕ್ಕೂಟಗಳು ಹೊಸಬರನ್ನು ಕರೆದು ಸೇರಿಸಿಕೊಳ್ಳುತ್ತವೆ. ದಯೆಯಿಂದಷ್ಟೇ ಅಲ್ಲ, ಹೊಸಬ ಅವರಿಗೆ ಪ್ರಯೋಜನಕ್ಕೆ ಬರುತ್ತಾನೆ. ನಿರ್ದಯವೆನಿಸಿದ ಆಟ ಇಷ್ಟು ವರ್ಷ ಬದುಕಿರುವುದರ ಒಂದು ಗುಟ್ಟು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪೆನಿ ಹಿಡಿದದ್ದು ಮತ್ತೊಂದು ದಾರಿ. ಅದರ 'ಫೈನಲ್ ಫ್ಯಾಂಟಸಿ 14' 2010ರಲ್ಲಿ ನೆಲಕಚ್ಚಿದ ಆಟ. ನವೋಕಿ ಯೋಶಿದಾ ಅವರ ನೇತೃತ್ವದಲ್ಲಿ ಅದನ್ನು ಬಹುತೇಕ ಬುಡದಿಂದ ಕಟ್ಟಿ 2013ರ ಆಗಸ್ಟ್‌ನಲ್ಲಿ ಮತ್ತೆ ತೆರೆಯಲಾಯಿತು. ಅಲ್ಲಿ ಹೊಸಬನ ಹೆಸರಿನ ಪಕ್ಕದಲ್ಲಿ ಒಂದು ಮೊಳಕೆಯ ಚಿತ್ರ ಕಾಣುತ್ತದೆ. ಹಳಬ ಆರಂಭದ ಹಂತದ ಗುಹೆಗೆ ಹೋದರೆ ಅವನ ಬಲ ತಾತ್ಕಾಲಿಕವಾಗಿ ಆ ಹಂತಕ್ಕೆ ಇಳಿಯುತ್ತದೆ. ತಂಡದಲ್ಲಿ ಮೊದಲ ಸಲ ಬಂದವನಿದ್ದರೆ ಎಲ್ಲರಿಗೂ ಹೆಚ್ಚುವರಿ ಪ್ರತಿಫಲ ಸಿಗುತ್ತದೆ. ಹೀಗಾಗಿ ದಾರಿ ತಿಳಿಯದ ಹೊಸಬನನ್ನು ಕಂಡಾಗ ಹಳಬ ಗೊಣಗುವ ಬದಲು ಸಂತೋಷಪಡಲು ಒಂದು ಕಾರಣವಿದೆ. ಮನುಷ್ಯನ ಒಳ್ಳೆಯತನವನ್ನು ನಂಬಿ ಸುಮ್ಮನೆ ಕೂರದೆ, ಒಳ್ಳೆಯತನವೇ ಲಾಭವಾಗುವಂತೆ ನಿಯಮ ರೂಪಿಸುವುದು ಎಂದರೆ ಇದು. ವಾರ್‌ಕ್ರಾಫ್ಟ್ ಕೂಡ 2018ರಲ್ಲಿ, ಕಾಳಗಕ್ಕೆ ಒಪ್ಪಿದವರು ಮಾತ್ರ ಪರಸ್ಪರ ಎದುರಾಗುವ, ಒಪ್ಪಿದವರಿಗೆ ಹೆಚ್ಚು ಪ್ರತಿಫಲ ಸಿಗುವ ಪದ್ಧತಿ ತಂದಿತು. 2020ರಲ್ಲಿ 120ಕ್ಕೆ ಏರಿದ್ದ ಗರಿಷ್ಠ ಹಂತವನ್ನು 60ಕ್ಕೆ ಇಳಿಸಿ, ಹೊಸಬರು ಕಲಿಯಲೆಂದೇ ಒಂದು ದ್ವೀಪವನ್ನು ರಚಿಸಿತು.

ಇವೆಲ್ಲವೂ ಏಕೆ ಮುಖ್ಯ ಎಂಬುದನ್ನು 1996ರಷ್ಟು ಹಿಂದೆಯೇ ರಿಚರ್ಡ್ ಬಾರ್ಟಲ್ ಗುರುತಿಸಿದ್ದರು. ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿದ, ಬರಹವೇ ಎಲ್ಲವೂ ಆಗಿದ್ದ ಮೊದಲ ಸಾಮೂಹಿಕ ಆಟದ ರೂವಾರಿಗಳಲ್ಲಿ ಒಬ್ಬರು ಅವರು. ಆಟಗಾರರನ್ನು ಅವರು ಸಾಧಕರು, ಅನ್ವೇಷಕರು, ಒಡನಾಡಿಗಳು, ಹಂತಕರು ಎಂದು ನಾಲ್ಕು ಬಗೆಯಾಗಿ ಗುರುತಿಸಿದರು. ವಿಂಗಡಣೆಗಿಂತ ಮುಖ್ಯವಾದದ್ದು ಅವರ ಇನ್ನೊಂದು ಮಾತು: ಒಂದು ಬಗೆಯವರ ಸಂಖ್ಯೆ ಏರಿದರೆ ಉಳಿದ ಬಗೆಯವರ ಸಂಖ್ಯೆಯೂ ಏರಿಳಿಯುತ್ತದೆ. ಆಟ ಒಂದು ಕೆರೆಯಂತೆ. ಒಂದೇ ಜಾತಿಯ ಮೀನಿನ ಮಾತು ಕೇಳಿ ಅದನ್ನು ನಿರ್ವಹಿಸಲಾಗದು.

ನಮ್ಮ ಬಾಲ್ಯದ ಬೀದಿಯಾಟಗಳಲ್ಲಿ ಮನೆಯ ಕಿರಿಯ ಮಗು ಹಟ ಹಿಡಿದರೆ ಅದನ್ನು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದೆವು. ಅದು ಓಡಬಹುದು, ಕೂಗಬಹುದು. ಔಟ್ ಆಗುವುದಿಲ್ಲ, ಗೆಲ್ಲುವುದೂ ಇಲ್ಲ. ಅದರಲ್ಲಿ ಪ್ರೀತಿಯಿತ್ತು. ಆದರೆ ಸ್ವಲ್ಪ ದೊಡ್ಡವನಾದ ಹುಡುಗ ತಾನು ಲೆಕ್ಕಕ್ಕಿಲ್ಲವೆಂದು ತಿಳಿದ ದಿನ ಅಳುತ್ತ ಮನೆಗೆ ಹೋಗುತ್ತಿದ್ದುದನ್ನೂ ನಾವು ಕಂಡಿದ್ದೇವೆ. ಪೂರ್ತಿ ರಕ್ಷಣೆಯ ಟ್ರಾಮೆಲ್ ಮೊದಲನೆಯ ಬಗೆ. ಹಳಬರ ಮತದಿಂದಲೇ ಎಲ್ಲವೂ ತೀರ್ಮಾನವಾಗುವ ವ್ಯವಸ್ಥೆ ಇನ್ನೊಂದು ಬಗೆ. ಎರಡರಲ್ಲೂ ಹೊಸಬ ಲೆಕ್ಕಕ್ಕಿಲ್ಲ.

ನನ್ನ ಅಭಿಪ್ರಾಯದಲ್ಲಿ ಆಟ ರೂಪಿಸುವವರು ಮಾಡಬೇಕಾದದ್ದು ಅತಿ ದೊಡ್ಡ ಕೆಲಸವೇನಲ್ಲ. ಹಳಬರ ಮಾತನ್ನು ಕೇಳಲಿ. ಆಟವನ್ನು ಅವರಷ್ಟು ಬಲ್ಲವರು ಬೇರಾರೂ ಇಲ್ಲ. ಆದರೆ ಹೊಸಬರ ವಿಷಯದಲ್ಲಿ ಅವರ ಮಾತನ್ನು ಸಾಕ್ಷ್ಯವೆಂದು ಸ್ವೀಕರಿಸಲಿ, ತೀರ್ಪೆಂದಲ್ಲ. ಬಿಟ್ಟುಹೋದವರು ಎಲ್ಲಿ, ಯಾವ ಗಳಿಗೆಯಲ್ಲಿ, ಏನಾದ ಮೇಲೆ ಬಿಟ್ಟರು ಎಂಬುದು ಕಂಪೆನಿಗಳ ಕಡತದಲ್ಲಿಯೇ ಇರುತ್ತದೆ. ಆ ಮೌನವನ್ನೂ ಒಂದು ಮತವೆಂದು ಎಣಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಅಪಾಯ ಇರಲಿ, ಆದರೆ ಮೊದಲ ದಿನವೇ ಹೊಸಬನಿಗೊಂದು ಕೆಲಸವೂ ಇರಲಿ.

ನನ್ನನ್ನು ಉರುಳಿಸಿದ ಆ ಕವಚಧಾರಿಯ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಅದಕ್ಕೆ ಅವಕಾಶ ಕೊಟ್ಟಿತ್ತು, ಅವನು ಆಡಿದ. ಆದರೆ ಆತ ಕೊಲ್ಲುವ ಬದಲು 'ಬಾ, ಅಲ್ಲೊಂದು ಕಾಳಗವಿದೆ, ಒಬ್ಬ ಕಡಿಮೆಯಿದ್ದಾನೆ' ಎಂದು ಕರೆದಿದ್ದರೆ, ಅಲ್ಲಿಯೂ ನಾನು ಎರಡೇ ಏಟಿಗೆ ಉರುಳುತ್ತಿದ್ದೆನೇನೋ. ಮೂರನೆಯ ದಿನ ಎದ್ದುಹೋಗುತ್ತಿರಲಿಲ್ಲ.